ನನ್ನ ಕಡೆ ಬ್ರೇಕು ಮಾತ್ರ

ಡ್ರೈವಿಂಗ್ ಕಲಿಸುವ ನನ್ನ ಕಾರಿನಲ್ಲಿ ಎರಡು ಬ್ರೇಕುಗಳಿವೆ. ಒಂದು ಕಲಿಯುವವರ ಕಾಲ ಬುಡದಲ್ಲಿ, ಇನ್ನೊಂದು ಎಡಗಡೆ ಸೀಟಿನಲ್ಲಿ ಕೂರುವ ನನ್ನ ಕಾಲ ಬುಡದಲ್ಲಿ. ಆಕ್ಸಿಲರೇಟರ್ ಮಾತ್ರ ಒಂದೇ, ಅದು ಅವರ ಕಡೆ. ಅಂದರೆ ನಾನು ಕಾರನ್ನು ನಿಲ್ಲಿಸಬಲ್ಲೆ, ಹೊರಡಿಸಲಾರೆ. ಹುಟ್ಟಾ ಅಂಜುಬುರುಕಿಯಾದ ನನಗೆ ಇದರಲ್ಲಿ ಯಾವ ಕೊರತೆಯೂ ಕಂಡಿರಲಿಲ್ಲ. ಆಸ್ಟ್ರೇಲಿಯಾದ ಈ ಪರ್ತ್‌ನ ರಸ್ತೆಗಳಲ್ಲಿ ಹದಿಹರೆಯದವರ ಪಕ್ಕ ಕೂತು ದಿನವೆಲ್ಲ ಜೀವ ಕೈಯಲ್ಲಿ ಹಿಡಿದುಕೊಳ್ಳುವ ಈ ಕೆಲಸಕ್ಕೆ ಅಂಜುಬುರುಕರೇ ಲಾಯಕ್ಕು ಎನ್ನುವುದು ನನ್ನ ವಾದವಾಗಿತ್ತು. ಧೈರ್ಯವಂತರು ಬ್ರೇಕು ತುಳಿಯುವುದು ತಡವಾಗುತ್ತದೆ.

ಆ ವರ್ಷ ನಮ್ಮ ಬಡಾವಣೆ ಕ್ಯಾನಿಂಗ್ ವೇಲ್ ಕಡೆಯ ಆಫ್ರಿಕನ್ ಮಹಿಳೆಯರ ಒಂದು ಸಂಘದವರು ನನ್ನನ್ನು ಹುಡುಕಿಕೊಂಡು ಬಂದರು. ತಮ್ಮ ಹುಡುಗಿಯರಿಗೆ ಭಾನುವಾರ ಡ್ರೈವಿಂಗ್ ಕಲಿಸಬೇಕು ಎಂದರು. ಇಲ್ಲಿ ಕಲಿಯುವವರ ಪಕ್ಕ ಲೈಸೆನ್ಸ್ ಇರುವ ದೊಡ್ಡವರೊಬ್ಬರು ಗಂಟೆಗಟ್ಟಲೆ ಕೂತು ಅಭ್ಯಾಸ ಮಾಡಿಸಬೇಕು. ನಮ್ಮ ಬೆಂಗಳೂರು, ಮೈಸೂರಿನವರ ಮಕ್ಕಳಿಗಾದರೆ ಅಪ್ಪ ಇರುತ್ತಾನೆ, ಅಪ್ಪನಿಗೆ ಪುರುಸೊತ್ತಿಲ್ಲದಿದ್ದರೆ ಪಕ್ಕದ ಬೀದಿಯ ಅಂಕಲ್ ಇರುತ್ತಾರೆ. ಈ ಹುಡುಗಿಯರ ಮನೆಗಳಲ್ಲಿ ಲೈಸೆನ್ಸ್ ಇದ್ದವರೇ ಇರಲಿಲ್ಲ. ಬಸ್ಸು ಹೋಗದ ಕಡೆ ಇರುವ ಕಾಲೇಜು, ಆಸ್ಪತ್ರೆ, ಕೆಲಸ ಎಲ್ಲ ಅವರಿಗೆ ಮುಚ್ಚಿದ ಬಾಗಿಲೇ. ಈ ಊರಿನಲ್ಲಿ ಬಸ್ಸು ಹೋಗದ ಕಡೆಗಳೇ ಹೆಚ್ಚು. ನಾನು ಒಪ್ಪಿಕೊಂಡೆ.

ಮೊದಲು ಬಂದವಳು ದಕ್ಷಿಣ ಸುಡಾನ್ ಕಡೆಯ ಕುಟುಂಬದ ಹುಡುಗಿ. ಎಷ್ಟು ಎತ್ತರ ಎಂದರೆ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದರೂ ಅವಳ ಕೂದಲು ಕಾರಿನ ಮಾಡಿಗೆ ತಾಗುತ್ತಿತ್ತು. ಕೀನ್ಯಾದ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿ, ಪ್ರೈಮರಿ ಶಾಲೆಯ ಹೊತ್ತಿಗೆ ಇಲ್ಲಿಗೆ ಬಂದವಳು. ತಂದೆ ಇಲ್ಲ. ತಾಯಿ ವೃದ್ಧಾಶ್ರಮವೊಂದರಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುತ್ತಿದ್ದರು. ಹುಡುಗಿಗೆ ಪ್ಯಾರಾಮೆಡಿಕ್ ಕೋರ್ಸಿನಲ್ಲಿ ಸೀಟು ಸಿಕ್ಕಿತ್ತು, ಅಂದರೆ ಆಂಬುಲೆನ್ಸಿನಲ್ಲಿ ಬಂದು ಜೀವ ಉಳಿಸುತ್ತಾರಲ್ಲ, ಆ ಕೆಲಸಕ್ಕೆ ಓದುವುದು. ಅವಳ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಅವಳಿಗೆ ಮುಂಚೆ ಯಾರೂ ಇರಲಿಲ್ಲ. ಆದರೆ ಆಂಬುಲೆನ್ಸಿನ ತರಬೇತಿ ಶುರುವಾಗುವುದರೊಳಗೆ ಡ್ರೈವಿಂಗ್ ಲೈಸೆನ್ಸ್ ತೋರಿಸದಿದ್ದರೆ ಸೀಟು ಇನ್ನೊಬ್ಬರ ಪಾಲು. ಇದು ಯೂನಿವರ್ಸಿಟಿಯ ಖಡಾಖಂಡಿತ ನಿಯಮ.

ಅವಳ ಜೊತೆ ತಾಯಿಯೂ ಬರುತ್ತಿದ್ದರು. ಹಿಂದಿನ ಸೀಟಿನ ಮಧ್ಯದಲ್ಲಿ ಕೂತು, ಕಾರು ಹೊರಟ ಕೂಡಲೇ ಕಣ್ಣು ಮುಚ್ಚಿ ತಮ್ಮ ಭಾಷೆಯಲ್ಲಿ ಪ್ರಾರ್ಥನೆ ಶುರು ಮಾಡುತ್ತಿದ್ದರು. ಪ್ರಾರ್ಥನೆಯ ನಡುವೆ ಒಂದು ಮಾತು ಪದೇ ಪದೇ ಬರುತ್ತಿತ್ತು. ಅರ್ಥ ಕೇಳಲಿಲ್ಲ. ಮೈಸೂರಿನಲ್ಲಿ ಸ್ಕೂಟರಿನ ಹಿಂದೆ ಕೂತು ನಮ್ಮಮ್ಮ 'ಮೆಲ್ಲಗೆ, ಮೆಲ್ಲಗೆ' ಎನ್ನುತ್ತಿದ್ದ ರಾಗವೇ ಅದು.

ಹುಡುಗಿ ಬಲು ಬೇಗ ಕಲಿತಳು. ಸ್ಟೀರಿಂಗ್ ಮೇಲೆ ಕೈ ಹಗುರ, ಕನ್ನಡಿ ನೋಡುವುದು ಹೇಳದೆಯೇ ಬಂತು, ಪಾರ್ಕಿಂಗ್ ಅಂತೂ ನನಗಿಂತ ಚೆಂದ. ತೊಂದರೆ ಇದ್ದದ್ದು ರೌಂಡಬೌಟಿನಲ್ಲಿ, ಅಂದರೆ ರಸ್ತೆಗಳು ಕೂಡುವ ಕಡೆ ಸುತ್ತು ಹಾಕಿ ಹೋಗುವ ವೃತ್ತದಲ್ಲಿ. ಕ್ಯಾನಿಂಗ್ ವೇಲ್‌ನಲ್ಲಿ ಎತ್ತ ತಿರುಗಿದರೂ ರೌಂಡಬೌಟು. ಅದರೊಳಗೆ ಆಗಲೇ ಇರುವ ವಾಹನಕ್ಕೆ ದಾರಿ ಬಿಡಬೇಕು, ಯಾರೂ ಇಲ್ಲದಿದ್ದರೆ ನಿಲ್ಲದೆ ಹೋಗಬೇಕು, ಅಷ್ಟೇ ನಿಯಮ. ಈ ಹುಡುಗಿ ಇನ್ನೂ ಆಚೆ ಬೀದಿಯಲ್ಲಿ ಬರುತ್ತಿರುವ ಕಾರಿಗೂ ನಿಂತು ಬಿಡುತ್ತಿದ್ದಳು. ನಿಂತು, ಕೈ ಬೀಸಿ, ನೀವು ಮೊದಲು ಹೋಗಿ ಎಂದು ಸನ್ನೆ ಮಾಡುತ್ತಿದ್ದಳು. ಹಿಂದಿನವರು ಹಾರ್ನ್ ಹೊಡೆದರೆ ಅವರಿಗೂ ಒಂದು ನಮ್ರವಾದ ನಗು.

ಒಂದು ದಿನ ಕೇಳಿದೆ, "ಯಾಕೆ ನಿಂತೆ? ರೋಡು ಖಾಲಿ ಇತ್ತಲ್ಲಮ್ಮ?"

"ಆ ಕಾರಲ್ಲಿ ಇದ್ದವರು ವಯಸ್ಸಾದವರು, ಆಂಟಿ. ತಲೆ ಪೂರ್ತಿ ಬೆಳ್ಳಗಿತ್ತು."

ಅವಳ ಮನೆಯಲ್ಲಿ ಹಿರಿಯರು ಉಣ್ಣುವ ಮುಂಚೆ ಕಿರಿಯರು ಉಣ್ಣುವಂತಿಲ್ಲ. ಕೂತ ಹಿರಿಯರ ಎದುರು ದಾಟಿ ಹೋಗುವಂತಿಲ್ಲ. ದಾರಿಯಲ್ಲಿ ಎದುರು ಬಂದರೆ ಪಕ್ಕಕ್ಕೆ ಸರಿದು ನಿಲ್ಲಬೇಕು. ಇದನ್ನು ಕೇಳಿ ನಾನು ಅವಳನ್ನು ತಿದ್ದಬೇಕಿತ್ತು. ಬದಲಿಗೆ ನನ್ನ ಮನಸ್ಸು ಕರಗಿ ನೀರಾಯಿತು. ನಾವೂ ಹಾಗೆಯೇ ಬೆಳೆದವರಲ್ಲವೇ? ಈ ದೇಶದಲ್ಲಿ ಅಜ್ಜನ ವಯಸ್ಸಿನವರನ್ನೂ ಹೆಸರು ಹಿಡಿದು ಕರೆಯುವ ಮಕ್ಕಳನ್ನು ನೋಡಿ ನೋಡಿ ರೋಸಿಹೋಗಿದ್ದ ನನಗೆ ಇವಳೊಬ್ಬಳು ಸಂಸ್ಕಾರವಂತೆಯಾಗಿ ಕಂಡಳು. ಅವಳ ತಾಯಿಯ ಕಡೆ ತಿರುಗಿ, "ಎಷ್ಟು ಚೆನ್ನಾಗಿ ಬೆಳೆಸಿದ್ದೀರಿ" ಎಂದು ಹೊಗಳಿದೆ. ತಾಯಿ ಮೊದಲ ಬಾರಿಗೆ ಕಣ್ಣು ಬಿಟ್ಟು ನಕ್ಕರು.

ಆ ಹೊಗಳಿಕೆಯ ಫಲ ಮೊದಲ ಪರೀಕ್ಷೆಯಲ್ಲಿ ಕಾಣಿಸಿತು. ಪರೀಕ್ಷಕರು ನನ್ನ ಸೀಟಿನಲ್ಲಿ ಕೂತು ಅವಳನ್ನು ಒಂದು ಸುತ್ತು ಕರೆದುಕೊಂಡು ಹೋಗುತ್ತಾರೆ, ನಾನು ಕಚೇರಿಯಲ್ಲಿ ಕಾಯಬೇಕು. ಬೇಗನೇ ವಾಪಸು ಬಂದರು. ಕಾರಣವಿಲ್ಲದೆ ನಿಂತಿದ್ದಾಳೆ, ಹಿಂದಿನ ವಾಹನಗಳಿಗೆ ಅಡ್ಡಿಯಾಗಿದೆ, ಫೇಲ್. ಎರಡನೇ ಪರೀಕ್ಷೆಗೆ ದಿನ ಸಿಗುವುದಕ್ಕೇ ಒದ್ದಾಡಬೇಕಾಯಿತು. ಅದರಲ್ಲೂ ಅದೇ ಕಥೆ. ಪರೀಕ್ಷಕರು ಒಳ್ಳೆಯ ಮನುಷ್ಯ. ನನ್ನನ್ನು ಪಕ್ಕಕ್ಕೆ ಕರೆದು, "ಡ್ರೈವಿಂಗ್ ಚೆನ್ನಾಗಿದೆ. ಆದರೆ ಅವಳು ಯಾರದೋ ಪರ್ಮಿಷನ್‌ಗೆ ಕಾಯ್ತಾ ಇರ್ತಾಳೆ" ಎಂದರು. ಇನ್ನೊಂದು ಪರೀಕ್ಷೆಗೆ ಮಾತ್ರ ಸಮಯವಿತ್ತು. ಅದರಲ್ಲಿಯೂ ಹೋದರೆ ಸೀಟು ಹೋದಂತೆಯೇ.

ಅಲ್ಲಿಂದ ನನ್ನ ಹೆದರಿಕೆ ಎರಡು ಪಟ್ಟಾಯಿತು. ಮೊದಲು ಕಾರು ಎಲ್ಲಿ ಗುದ್ದುತ್ತದೋ ಎಂಬ ಭಯ ಮಾತ್ರ ಇತ್ತು. ಈಗ ಈ ಮಗುವಿನ ಓದು ನನ್ನ ಕೈಯಲ್ಲಿ ಹಾಳಾದರೆ ಎಂಬ ಭಯವೂ ಸೇರಿಕೊಂಡಿತು. ಹೆದರಿದ ಮೇಷ್ಟರು ಮಾಡುವುದನ್ನೇ ನಾನೂ ಮಾಡಿದೆ, ಇನ್ನೂ ಕಷ್ಟದ ಪಾಠ ಕೊಟ್ಟೆ. ಹೆದ್ದಾರಿಗೆ ಕರೆದುಕೊಂಡು ಹೋದರೆ ಅಲ್ಲಿ ನಿಲ್ಲುವುದಕ್ಕೆ ಆಸ್ಪದವೇ ಇಲ್ಲ, ತಾನಾಗಿ ದಾರಿಗೆ ಬರುತ್ತಾಳೆ ಎಂದು ಲೆಕ್ಕ ಹಾಕಿದೆ.

ನಿಕಲ್ಸನ್ ರೋಡಿನಿಂದ ರೋ ಹೈವೇಗೆ ಇಳಿಯುವ ರ‍್ಯಾಂಪ್ ಇದೆ. ಹಗಲು ಹೊತ್ತಿನಲ್ಲಿ ಬಂದರಿನ ಕಡೆ ಹೋಗುವ ಭಾರಿ ಲಾರಿಗಳು ಅಲ್ಲಿ ಸಾಲುಗಟ್ಟಿರುತ್ತವೆ. ರ‍್ಯಾಂಪಿನಲ್ಲಿ ಇಳಿಯುತ್ತಲೇ ಹೈವೇಯ ವಾಹನಗಳ ವೇಗಕ್ಕೆ ನಮ್ಮ ವೇಗ ಏರಿಸಬೇಕು. ಇಂಡಿಕೇಟರ್ ಹಾಕಬೇಕು, ಕನ್ನಡಿ ನೋಡಬೇಕು, ಬಲಭುಜದ ಮೇಲಿಂದ ಒಮ್ಮೆ ಹೊರಳಿ ನೋಡಿ, ಎರಡು ವಾಹನಗಳ ನಡುವಿನ ಜಾಗ ಆರಿಸಿಕೊಂಡು ನುಗ್ಗಬೇಕು. ನಮ್ಮ ದಾರಿ ಮುಂದೆ ಸಪೂರವಾಗುತ್ತಾ ಹೋಗಿ ಮುಗಿದೇ ಹೋಗುತ್ತದೆ. ಅಲ್ಲಿ ನಿಂತರೆ ಮುಗಿಯಿತು, ನಿಂತಲ್ಲಿಂದ ಹೈವೇಯ ವೇಗಕ್ಕೆ ಏರುವುದು ಯಾರಿಂದಲೂ ಆಗುವುದಿಲ್ಲ. ಇದನ್ನೆಲ್ಲ ಮೂರು ಬಾರಿ ಹೇಳಿಸಿ, ಬಾಯಿಪಾಠ ಮಾಡಿಸಿ ಹೊರಟೆವು.

ರ‍್ಯಾಂಪಿನ ಮೇಲಿನಿಂದ ಇಳಿಯುವಾಗ ಎಲ್ಲ ಸರಿಯಿತ್ತು. ವೇಗ ಏರಿತು, ಇಂಡಿಕೇಟರ್ ಟಿಕ್ ಟಿಕ್ ಎಂದಿತು, ಅವಳ ತಲೆ ಹೊರಳಿತು. ಆಗ ಬಲಗಡೆ ಒಂದು ದೊಡ್ಡ ಲಾರಿ ಕಾಣಿಸಿತು. ಎರಡು ಟ್ರೇಲರ್ ಎಳೆಯುತ್ತಿದ್ದ ಅದು ನಮ್ಮ ಕಿಟಕಿಯನ್ನೆಲ್ಲ ತುಂಬಿಬಿಟ್ಟಿತು. ಮುಂದೆ ನೆನಪಿರುವುದು ಕಾರು ಮುಗ್ಗರಿಸಿ ನಿಂತದ್ದು. ರ‍್ಯಾಂಪ್ ಮುಗಿಯುವ ಜಾಗದಲ್ಲಿ, ಆ ಸಪೂರ ಮೂಲೆಯಲ್ಲಿ, ನಾವು ನಿಂತುಬಿಟ್ಟಿದ್ದೆವು. ಹಿಂದಿನ ಕನ್ನಡಿಯಲ್ಲಿ ಅದೇ ರ‍್ಯಾಂಪಿನಲ್ಲಿ ಇನ್ನೊಂದು ಲಾರಿ ವೇಗವಾಗಿ ಇಳಿದು ಬರುತ್ತಿತ್ತು.

ನಾನು ಕಾಲು ಒತ್ತಿದೆ. ಕಾಲ ಕೆಳಗೆ ಇದ್ದದ್ದು ಬ್ರೇಕು ಮಾತ್ರ. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಆ ಪೆಡಲು ನನಗೆ ಯಾವ ಉಪಯೋಗಕ್ಕೂ ಬರಲಿಲ್ಲ. "ಹೋಗು! ಹೋಗೇ! ತುಳಿಯೇ!" ಎಂದು ಕನ್ನಡದಲ್ಲಿ ಕಿರುಚಿಕೊಂಡೆ. ಇಂಗ್ಲಿಷ್ ಬಾಯಿಗೆ ಬರಲೇ ಇಲ್ಲ. ಹುಡುಗಿ ಸ್ಟೀರಿಂಗ್ ಹಿಡಿದು ಕಲ್ಲಾಗಿದ್ದಳು. ಹಿಂದೆ ತಾಯಿಯ ಪ್ರಾರ್ಥನೆ ನಿಂತುಹೋಗಿತ್ತು, ಅದೇ ಹೆಚ್ಚು ಭಯ ಹುಟ್ಟಿಸಿತು. ಲಾರಿಯ ಹಾರ್ನ್, ಆಮೇಲೆ ಬ್ರೇಕಿನ ಬುಸ್ಸೆಂಬ ಸದ್ದು. ಅದರ ಮೂತಿ ನಮ್ಮ ಹಿಂದಿನ ಗಾಜಿಗೆ ಬಂದು ಕೂತಂತೆ ನಿಂತಿತು. ಸತ್ತೆವು ಎಂದುಕೊಂಡದ್ದು ಸುಳ್ಳಲ್ಲ.

ಹೇಗೋ ರಸ್ತೆಯಂಚಿನ ಪಟ್ಟಿಯಲ್ಲಿ ತೆವಳಿಕೊಂಡು ಮುಂದಿನ ತಿರುವಿನಲ್ಲಿ ಹೊರಬಿದ್ದು, ಸಿಕ್ಕಿದ ಮೊದಲ ಸರ್ವೋದಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ಕಾರು ನಿಲ್ಲಿಸಿದೆವು. ತಾಯಿ ಇಳಿದು ಹೋಗಿ ಗೋಡೆ ಹಿಡಿದು ವಾಂತಿ ಮಾಡಿದರು. ಆಮೇಲೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡು, "ಸಿಸ್ಟರ್, ಸಾಕು. ಓದು ಬೇಡ. ನನಗೆ ಮಗಳು ಇದ್ದರೆ ಸಾಕು" ಎಂದರು. ನನಗೂ ಅದೇ ಬೇಕಿತ್ತು. ಬೇರೆ ಮೇಷ್ಟರನ್ನು ನೋಡಿಕೊಳ್ಳಿ, ನನ್ನಿಂದ ಆಗುವುದಿಲ್ಲ ಎಂದುಬಿಟ್ಟೆ. ಹುಡುಗಿ ಕಾರಿನ ಬಾನೆಟ್ಟಿಗೆ ಒರಗಿ ತನ್ನ ಬೂಟುಗಳನ್ನೇ ನೋಡುತ್ತಾ ನಿಂತಿದ್ದಳು.

ನನ್ನ ಗಂಡ ಆಗ ಕಂಪನಿ ಕೆಲಸದ ಮೇಲೆ ಬ್ರಿಸ್ಬೇನ್‌ನಲ್ಲಿ, ಎಯ್ಟ್ ಮೈಲ್ ಪ್ಲೇನ್ಸ್ ಎಂಬ ಬಡಾವಣೆಯ ಆಫೀಸಿನಲ್ಲಿದ್ದರು. ಫೋನಿನಲ್ಲಿ ಎಲ್ಲ ಹೇಳಿಕೊಂಡು ಅತ್ತೆ.

"ಬಿಟ್ಬಿಡೇ. ನಿನಗೇನು ತಲೆನೋವು? ಆ ಹುಡುಗಿಗೆ ಡ್ರೈವಿಂಗ್ ಆಗಿಬರಲ್ಲ ಅಷ್ಟೇ" ಎಂದರು ಅವರು.

"ಚೆನ್ನಾಗೇ ಓಡಿಸ್ತಾಳೆ ರೀ."

"ಮತ್ತೆ ಯಾಕೆ ನಿಲ್ಸಿದ್ಳು?"

ಅವತ್ತು ಮಧ್ಯಾಹ್ನವೆಲ್ಲ ಹುರುಳಿಕಾಯಿ ಬಿಡಿಸುತ್ತಾ ಅದನ್ನೇ ತಲೆಯಲ್ಲಿ ತಿರುವಿದೆ. ಲಾರಿ ದೊಡ್ಡದು ನಿಜ, ಆದರೆ ಲಾರಿಗೇನು ತಲೆ ಬೆಳ್ಳಗಿರುತ್ತದೆಯೇ? ಕೊನೆಗೆ ಕೈ ಒರೆಸಿಕೊಂಡು ಹುಡುಗಿಗೇ ಫೋನ್ ಮಾಡಿದೆ.

"ಒಂದೇ ಪ್ರಶ್ನೆ ಕೇಳ್ತೀನಿ. ಯಾಕೆ ನಿಲ್ಲಿಸಿದೆ?"

"ಸಾರಿ, ಆಂಟಿ" ಎಂದಳು.

"ಸಾರಿ ಬೇಡ. ಯಾಕೆ ಅಂತ ಹೇಳು."

"ನಾನು ಗ್ಯಾಪ್ ನೋಡಿದ್ದೆ, ಆಂಟಿ. ಲಾರಿ ಹಿಂದೆ. ತುಳಿಯೋಕೆ ಹೊರಟಿದ್ದೆ. ನೀವು ಬ್ರೇಕ್ ಹಾಕಿದ್ರಿ."

ಕಣ್ಣು ಮುಚ್ಚಿ ಆ ಗಳಿಗೆಯನ್ನು ಮತ್ತೆ ನೋಡಿದೆ. ಲಾರಿ ಕಿಟಕಿ ತುಂಬಿದ್ದು, ನನ್ನ ಬಲಗಾಲು ಕೆಳಗೆ ಹೋದದ್ದು. ಹೌದು, ಕಾರು ಮುಗ್ಗರಿಸುವ ಮುಂಚೆಯೇ ಹೋಗಿತ್ತು.

"ಬರೀ ಹೈವೇಲಿ ಅಲ್ಲ, ಆಂಟಿ. ಪ್ರತಿ ರೌಂಡಬೌಟಲ್ಲೂ ನಿಮ್ಮ ಕಾಲು ಸ್ವಲ್ಪ ಒತ್ತುತ್ತೆ. ನನ್ನ ಪೆಡಲ್ಲಿಗೆ ಗೊತ್ತಾಗುತ್ತೆ. ಆಗ ನಾನು ಅಂದ್ಕೋತೀನಿ, ಆಂಟಿಗೆ ಏನೋ ಕಾಣಿಸಿದೆ, ನನಗೆ ಕಾಣಿಸಿಲ್ಲ ಅಂತ."

"ಇಷ್ಟು ದಿನ ಯಾಕೆ ಹೇಳಲಿಲ್ಲ ನೀನು?"

"ನೀವು ದೊಡ್ಡವರು" ಎಂದಳು. ಅದಕ್ಕಿಂತ ಬೇರೆ ಕಾರಣ ಬೇಕೇ ಎನ್ನುವ ಹಾಗಿತ್ತು ಅವಳ ದನಿ.

ಫೋನ್ ಇಟ್ಟ ಮೇಲೆ ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಬಿಳಿಯರ ಮಕ್ಕಳಾಗಿದ್ದರೆ ಮೊದಲನೇ ದಿನವೇ ಮುಖಕ್ಕೆ ಹೊಡೆದ ಹಾಗೆ ಹೇಳಿರುತ್ತಿದ್ದರು. ಅವರ ಬಾಯಿಗೆ ಹೆದರಿ ನಾನೂ ಕಾಲನ್ನು ಹಿಡಿತದಲ್ಲಿ ಇಟ್ಟುಕೊಳ್ಳುತ್ತಿದ್ದೆ. ಈ ಹುಡುಗಿ ಬಾಯಿ ಬಿಡುವವಳಲ್ಲ, ನಾನು ಬಿಡಿಸುವವಳಲ್ಲ. ಎದುರು ಬರುವ ಹಿರಿಯರಿಗೆ ಅವಳು ನಿಂತರೆ ಪಕ್ಕದಲ್ಲಿ ಕೂತ ಹಿರಿಯಳು ಅವಳನ್ನು ಮೆಚ್ಚಿ ಇನ್ನಷ್ಟು ನಿಲ್ಲಿಸುತ್ತಿದ್ದಳು. ಅವಳ ತಾಯಿ ಹಿಂದಿನಿಂದ ಮೆಲ್ಲಗೆ ಎನ್ನುತ್ತಿದ್ದರು, ನಾನು ಎಡಗಡೆಯಿಂದ ಕಾಲಿನಲ್ಲಿ ಅದನ್ನೇ ಹೇಳುತ್ತಿದ್ದೆ. ಆ ಕಾರಿನಲ್ಲಿ ಅವಳಿಗೆ 'ಹೋಗು' ಎಂದು ಹೇಳುವವರು ಯಾರೂ ಇರಲಿಲ್ಲ.

ಮುಂದಿನ ಭಾನುವಾರ ನಾನಾಗಿಯೇ ಅವಳ ಮನೆ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆದೆ. ತಾಯಿ ಬಾಗಿಲಿಗೆ ಬಂದು ಬೇಡ ಎಂದು ತಲೆಯಾಡಿಸಿದರು. "ಹೈವೇ ಇಲ್ಲ, ಇವತ್ತು ಹೈವೇ ಇಲ್ಲ" ಎಂದು ಆಣೆ ಮಾಡಿ ಕರೆದುಕೊಂಡು ಹೊರಟೆ. ಕ್ಯಾನಿಂಗ್ ವೇಲ್‌ನ ಕಾರ್ಖಾನೆಗಳ ಕಡೆ ಭಾನುವಾರ ನಾಯಿಯೂ ಓಡಾಡುವುದಿಲ್ಲ. ಅಲ್ಲಿನ ಖಾಲಿ ರಸ್ತೆಯಲ್ಲಿ ನಾನು ಚಪ್ಪಲಿ ಬಿಟ್ಟು, ಸೀಟಿನ ಮೇಲೆ ಎರಡೂ ಕಾಲು ಮಡಚಿ, ಊಟದ ಎಲೆಯ ಮುಂದೆ ಕೂತ ಹಾಗೆ ಚಕ್ಕಳಮಕ್ಕಳ ಹಾಕಿ ಕೂತೆ.

ಹುಡುಗಿ ನನ್ನ ಮಂಡಿ ನೋಡಿದಳು, ನನ್ನ ಮುಖ ನೋಡಿದಳು.

"ನನ್ನ ಕಾಲು ಇಲ್ಲಿದೆ. ಕೆಳಗೆ ಏನಿಲ್ಲ. ನಿಲ್ಲೋದೂ ನಿಂದೇ, ಹೋಗೋದೂ ನಿಂದೇ" ಎಂದೆ.

"ಆಂಟಿ, ಭಯ ಆಗುತ್ತೆ."

"ನಂಗೂ ಆಗುತ್ತೆ. ಹೊರಡು."

ನನ್ನ ಜನ್ಮದಲ್ಲಿ ಅಷ್ಟು ಕಷ್ಟಪಟ್ಟು ಸುಮ್ಮನೆ ಕೂತಿದ್ದಿಲ್ಲ. ಪ್ರತಿ ತಿರುವಿನಲ್ಲೂ ಬಲಗಾಲಿನ ಸ್ನಾಯು ತಾನಾಗಿ ಎಳೆಯುತ್ತಿತ್ತು, ಮಂಡಿಯನ್ನು ಎರಡು ಕೈಯಲ್ಲಿ ಅದುಮಿ ಹಿಡಿದೆ. ಮೊದಲ ರೌಂಡಬೌಟಿನಲ್ಲಿ ಅವಳು ನಿಂತಳು. ನನ್ನ ಕಡೆ ನೋಡಿದಳು. ನಾನು ಕಿಟಕಿಯಾಚೆ ನೋಡುತ್ತಾ ಕೂತೆ. ಬಹಳ ಹೊತ್ತಾದ ಮೇಲೆ ಕಾರು ತಾನಾಗಿ ಮುಂದೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಅವಳು ನನ್ನ ಕಡೆ ನೋಡುವುದು ಕಡಿಮೆಯಾಯಿತು. ಒಂದು ಸಲ ಮಾತ್ರ ನಿಜವಾಗಿಯೂ ತಪ್ಪಾಗಿ ನುಗ್ಗಿದಳು. ಆ ಕಡೆಯಿಂದ ಒಂದು ವ್ಯಾನು ಬಂದು ಬಿಟ್ಟಿತು, ನಾನು ಕಾಲು ಬಿಚ್ಚುವುದರೊಳಗೆ ಅವಳೇ ಬ್ರೇಕು ಹಾಕಿದಳು. ಕಾರು ಗಕ್ಕನೆ ನಿಂತಿತು. ನನ್ನ ಎದೆ ನಿಲ್ಲಲಿಲ್ಲ, ಬಹಳ ಹೊತ್ತು ಹೊಡೆದುಕೊಳ್ಳುತ್ತಲೇ ಇತ್ತು. ಆದರೆ ಬೈಯಲಿಲ್ಲ. ಆ ಬ್ರೇಕು ಪೂರ್ತಿ ಅವಳದ್ದಾಗಿತ್ತು.

ಹೀಗೆ ಕೆಲವು ವಾರ ನಡೆಯಿತು. ಖಾಲಿ ರಸ್ತೆಯಿಂದ ಮನೆಗಳ ಬೀದಿಗೆ, ಅಲ್ಲಿಂದ ಶಾಪಿಂಗ್ ಸೆಂಟರಿನ ಗಿಜಿಗಿಜಿಗೆ ಬಂದೆವು. ಜನ ಇರುವ ಕಡೆ ನಾನು ಕಾಲು ಮಡಚುತ್ತಿರಲಿಲ್ಲ, ಅಷ್ಟು ಹುಚ್ಚಿಯಲ್ಲ. ಹಿಮ್ಮಡಿಯನ್ನು ಸೀಟಿನ ಬುಡಕ್ಕೆ ಒತ್ತಿಕೊಂಡು ಕೂರುತ್ತಿದ್ದೆ. ಬಿಳಿ ತಲೆಯ ಅಜ್ಜಿಯೊಬ್ಬರು ರೌಂಡಬೌಟಿನ ಆಚೆ ಕಾರು ನಿಲ್ಲಿಸಿಕೊಂಡು ತಮ್ಮ ಸರದಿಗೆ ಕಾಯುತ್ತಿದ್ದಾಗ ಹುಡುಗಿ ಬಾಯಲ್ಲೇ "ಕ್ಷಮಿಸಿ" ಎಂದುಕೊಂಡು ಮುಂದೆ ಹೋದಳು. ಕ್ಷಮೆ ಕೇಳಿದರೂ ಹೋದಳಲ್ಲ ಎಂದು ನನಗೆ ಸಂತೋಷವಾಯಿತು.

ಪರೀಕ್ಷೆಗೆ ಮುಂಚಿನ ಭಾನುವಾರ ರ‍್ಯಾಂಪಿಗೆ ಹೋಗೋಣ ಎಂದವಳು ಅವಳೇ. ಪರೀಕ್ಷೆಯಲ್ಲಿ ಹೈವೇ ಕೇಳುವುದಿಲ್ಲ, ಬೇಡ ಎಂದೆ. "ಆಂಬುಲೆನ್ಸ್ ಹೈವೇಲಿ ಹೋಗಲ್ವಾ, ಆಂಟಿ?" ಎಂದಳು. ತಾಯಿಗೆ ಹೇಳಿದ್ದಳೋ ಏನೋ, ಅವರೂ ಬಂದು ಹಿಂದೆ ಕೂತರು. ದುಪಟ್ಟಾದಂಥ ಬಟ್ಟೆಯೊಂದನ್ನು ತಲೆಯಿಂದ ಮುಖದ ಮೇಲೆ ಪೂರ್ತಿ ಎಳೆದುಕೊಂಡರು. ನನಗೂ ಅಂಥದ್ದೊಂದು ಬೇಕೆನ್ನಿಸಿತು.

ರ‍್ಯಾಂಪಿನಲ್ಲಿ ಇಳಿಯತೊಡಗಿದೆವು. ಹಿಮ್ಮಡಿ ಸೀಟಿನ ಬುಡಕ್ಕೆ, ಕೈ ತೊಡೆಯ ಕೆಳಗೆ. ಬಲಗಡೆ ಒಂದರ ಹಿಂದೆ ಒಂದು ಲಾರಿ. ಇಂಡಿಕೇಟರ್. ಕನ್ನಡಿ. ಅವಳ ತಲೆ ಹೊರಳಿತು. ನನಗೆ ಗ್ಯಾಪ್ ಕಾಣಿಸಲಿಲ್ಲ, ದೇವರಾಣೆಗೂ ಕಾಣಿಸಲಿಲ್ಲ. ನನ್ನ ಕಡೆ ಸ್ಟೀರಿಂಗ್ ಇದ್ದಿದ್ದರೆ ನಾನು ನಿಂತುಬಿಡುತ್ತಿದ್ದೆ. ಅವಳು ಆಕ್ಸಿಲರೇಟರ್ ತುಳಿದಳು. ಎಂಜಿನ್ನು ಅರಚಿತು, ಸೀಟು ನನ್ನ ಬೆನ್ನನ್ನು ತಳ್ಳಿತು, ಬಿಳಿ ಗೆರೆ ನಮ್ಮ ಕೆಳಗೆ ಸರಿದುಹೋಯಿತು. ನೋಡಿದರೆ ನಾವು ಹೈವೇಯ ಮೇಲೆ, ಮುಂದೆ ಒಂದು ಲಾರಿ, ಹಿಂದೆ ಒಂದು ಲಾರಿ, ನಡುವೆ ಬೇಕಾದಷ್ಟು ಜಾಗ.

ಹಿಂದಿನಿಂದ ತಾಯಿ ಬಟ್ಟೆಯೊಳಗಿಂದಲೇ, "ಆಯ್ತಾ?" ಎಂದರು.

ಮೂರನೇ ಪರೀಕ್ಷೆಯ ದಿನ ನಾನು ಕಚೇರಿಯ ಬೆಂಚಿನ ಮೇಲೆ ಕೂತು ಮೊದಲೆರಡು ಬಾರಿಗಿಂತ ಹೆಚ್ಚು ನಡುಗಿದೆ. ಕಾರು ಬೇಗ ವಾಪಸು ಬರಲಿಲ್ಲ, ಅದೇ ಒಳ್ಳೆಯ ಶಕುನ ಎಂದು ಹೇಳಿಕೊಂಡೆ, ಅಪಘಾತವಾಗಿದ್ದರೂ ತಡವಾಗುತ್ತದಲ್ಲ ಎಂದೂ ಹೇಳಿಕೊಂಡೆ. ಪರೀಕ್ಷಕರು ಇಳಿದು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಹುಡುಗಿ ಸ್ಟೀರಿಂಗಿಗೆ ಹಣೆ ಇಟ್ಟು ಅಳುತ್ತಿದ್ದಳು. ಪಾಸಾಗಿತ್ತು. ಆ ವಾರವೇ ಯೂನಿವರ್ಸಿಟಿಗೆ ಹೋಗಿ ಲೈಸೆನ್ಸ್ ತೋರಿಸಿ ಬಂದಳು.

ಕೆಲವು ದಿನಗಳಾದ ಮೇಲೆ ಆ ಮಹಿಳಾ ಸಂಘದವರು ತಮ್ಮ ಹುಡುಗಿಯರನ್ನು ಸೇರಿಸಿ, ಓದು ಮತ್ತು ಬದುಕಿನಲ್ಲಿ ಮುಂದೆ ಬರುವುದು ಹೇಗೆ ಎಂದು ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕರೆದರು. ಜನರ ಮುಂದೆ ನಿಂತು ಮಾತಾಡುವುದೆಂದರೆ ನನಗೆ ಹೈವೇಗಿಂತ ಭಯ. ಆದರೂ ಒಳ್ಳೆಯ ಮಾತುಗಳನ್ನು ಜೋಡಿಸಿಕೊಂಡು ಹೋಗಿದ್ದೆ. ಶ್ರದ್ಧೆಯಿಂದ ಓದಬೇಕು, ತಾಳ್ಮೆ ಇರಬೇಕು, ದೊಡ್ಡವರ ಅನುಭವಕ್ಕೆ ಬೆಲೆ ಕೊಡಬೇಕು. ಎದ್ದು ನಿಂತು ನೋಡಿದರೆ ಸಾಲಾಗಿ ಕೂತ ಹುಡುಗಿಯರು, ಎಲ್ಲರ ಕಣ್ಣೂ ನೆಲದ ಮೇಲೆ. ನಾನು ಏನು ಹೇಳಿದರೂ ಹೌದೆನ್ನಲು ಸಿದ್ಧವಾಗಿ ಕೂತಿದ್ದವು ಆ ತಲೆಗಳು. ಜೋಡಿಸಿಕೊಂಡು ಬಂದ ಮಾತುಗಳನ್ನು ಅಲ್ಲೇ ಕೈಬಿಟ್ಟೆ.

ಕೊನೆಯ ಸಾಲಿನಲ್ಲಿ ಆ ಉದ್ದನೆಯ ಹುಡುಗಿ ಎದ್ದು ನಿಂತಳು.

"ಆಂಟಿ, ನಾನು ಮೊದಲು ಮಾತಾಡ್ತೀನಿ" ಎಂದಳು.

ಮುಂದಿನ ಸಾಲಿನಲ್ಲಿದ್ದ ಹಿರಿಯ ಹೆಂಗಸರೆಲ್ಲ ಹೊರಳಿ ನೋಡಿದರು. ಅವಳ ತಾಯಿ ಕೂರು ಎಂದು ಕೈಸನ್ನೆ ಮಾಡಿದರು. ಅವಳಿಗೆ ಕಾಣಿಸಿತು, ಆದರೆ ಕೂರಲಿಲ್ಲ. ಕೂತ ಹಿರಿಯರೆಲ್ಲರ ಎದುರಿನಿಂದ ದಾಟಿಕೊಂಡು ಬಂದು ನನ್ನ ಪಕ್ಕ ನಿಂತಳು. ನಾನು ಪಕ್ಕದ ಕುರ್ಚಿಯಲ್ಲಿ ಕೂತೆ.

"ನಿಮಗೆಲ್ಲ ಭಯ ಪಡಬೇಡಿ ಅಂತ ಹೇಳ್ತಾರೆ. ನನಗೂ ಹೇಳಿದ್ರು. ಅದು ಸುಳ್ಳು, ಭಯ ಹೋಗಲ್ಲ" ಎಂದಳು. "ಲಾರಿ ನಮ್ಮ ಹಿಂದೆ ಬಂದು ನಿಂತಾಗ ನಾನು ಹೆದರಿದ್ದೆ. ಈ ಆಂಟಿ ನನಗಿಂತ ಹೆಚ್ಚು ಹೆದರಿದ್ರು. ನಾನು ಪಕ್ಕದಲ್ಲೇ ಇದ್ದೆ, ನೋಡಿದೀನಿ. ಆದ್ರೂ ಮುಂದಿನ ಭಾನುವಾರ ಬಂದು ನಮ್ಮ ಮನೆ ಮುಂದೆ ಹಾರ್ನ್ ಹೊಡೆದ್ರು."